ಮೊದಲ ಪಾಠದ ಹಾಡು

ಗಿಟಾರ್ ಕಲಿಸುವವರು ಮೊದಲ ದಿನಕ್ಕೆ ಒಂದು ಸುಲಭದ ಹಾಡು ಆರಿಸುವುದು ಮೇಲ್ನೋಟಕ್ಕೆ ಸಣ್ಣ ಕೆಲಸ. ಆದರೆ ಪಠ್ಯಪುಸ್ತಕಕ್ಕೆ ಪದ್ಯ ಆರಿಸುವವರ ಹಾಗೆ ಅವರೂ ಅಲ್ಲಿ ವಿಮರ್ಶೆಯನ್ನೇ ಮಾಡುತ್ತಿರುತ್ತಾರೆ. ಯಾವುದು ಸುಲಭ? ಸುಲಭ ಮಾಡಲು ಏನನ್ನು ಬಿಡಬಹುದು? ಏನನ್ನು ಬಿಟ್ಟರೆ ಅದು ಆ ಹಾಡಾಗಿ ಉಳಿಯುವುದಿಲ್ಲ? ಹೊಸಬರ ಕೈಗೆ ಮತ್ತೆ ಮತ್ತೆ ಬರುವ ಮೂರು ಧಾಟಿಗಳನ್ನು ಈ ಪ್ರಶ್ನೆಗಳ ಜೊತೆ ಇಟ್ಟು ನೋಡಬಹುದು.

ಎಲ್ಲರಿಗೂ ಗೊತ್ತು ಎಂಬ ಕಾರಣಕ್ಕೆ 'ಹ್ಯಾಪಿ ಬರ್ತ್‌ಡೇ' ಮೊದಲು ನೆನಪಾಗುತ್ತದೆ. ಗೊತ್ತಿರುವುದು ಬೇರೆ, ಸುಲಭವಾದದ್ದು ಬೇರೆ. ಮೂರು ಎಣಿಕೆಯ ಈ ಹಾಡು ಸಮದ ಮೇಲೆ ಶುರುವಾಗುವುದಿಲ್ಲ, ಒಂದು ಎಣಿಕೆ ಮುಂಚೆಯೇ ಎತ್ತಿಕೊಳ್ಳುತ್ತದೆ. ಮೂರನೇ ಸಾಲಿನಲ್ಲಿ ಸ್ವರ ಒಮ್ಮೆಲೇ ಒಂದಿಡೀ ಸ್ಥಾಯಿಯಷ್ಟು ಮೇಲಕ್ಕೆ ಜಿಗಿಯುತ್ತದೆ. ಹುಟ್ಟುಹಬ್ಬದ ಮನೆಗಳಲ್ಲಿ ದನಿಗಳು ದಿಕ್ಕಾಪಾಲಾಗುವುದು ಅಲ್ಲೇ. ಕಿವಿಗೆ ಚೆನ್ನಾಗಿ ಗೊತ್ತಿರುವುದರಿಂದ ಬೆರಳಿನ ಪ್ರತಿಯೊಂದು ತಪ್ಪೂ ಕೇಳುತ್ತದೆ. 'ಇಷ್ಟೂ ನನ್ನ ಕೈಲಾಗಲಿಲ್ಲವಲ್ಲ' ಎಂದುಕೊಂಡು ಕಲಿಯುವವರು ಮನೆಗೆ ಹೋಗುತ್ತಾರೆ.

ಎರಡನೆಯದು, ಡೀಪ್ ಪರ್ಪಲ್ ತಂಡ 1972ರ ಆಲ್ಬಮ್ಮಿನಲ್ಲಿ ತಂದ 'ಸ್ಮೋಕ್ ಆನ್ ದ ವಾಟರ್'ನ ಆರಂಭ. ರಿಚಿ ಬ್ಲ್ಯಾಕ್‌ಮೋರ್ ಅದನ್ನು ಎರಡೆರಡು ಸ್ವರ ಕೂಡಿಸಿ ನುಡಿಸುತ್ತಾರೆ. ಹೊಸಬರು ಒಂದೇ ತಂತಿಯ ಮೇಲೆ, ಬೆರಳೊತ್ತದೆ ಒಮ್ಮೆ, ಬಳಿಕ 3, 5, 6ನೇ ಫ್ರೆಟ್‌ಗಳಲ್ಲಿ ನುಡಿಸುತ್ತಾರೆ. ಜೊತೆಸ್ವರ ಬಿಟ್ಟುಹೋದರೂ ಲಯ ಹಾಗೂ ನಡುವಿನ ಮೌನಗಳು ಉಳಿಯುವುದರಿಂದ ಹಾಡಿನ ಗುರುತು ಅಳಿಸುವುದಿಲ್ಲ. ಕೊರತೆ ಇಷ್ಟೇ: ಬಾಗಿಲು ಸಿಕ್ಕಿತು, ಮನೆ ಸಿಗಲಿಲ್ಲ.

ಮೂರನೆಯದು, 1824ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿ ನುಡಿಸಲಾದ ಬೀಥೋವನ್‌ನ ಒಂಬತ್ತನೇ ಸಿಂಫನಿಯ ಆನಂದಗೀತೆಯ ಧಾಟಿ. ಅಕ್ಕಪಕ್ಕದ ಐದು ಸ್ವರಗಳಲ್ಲೇ ಅದು ಬಹುಪಾಲು ಓಡಾಡುತ್ತದೆ. ಸಿ ಮೇಜರ್‌ಗೆ ಇಳಿಸಿಕೊಂಡರೆ ಮೊದಲೆರಡು ತಂತಿಗಳು ಸಾಕು. ಒಂದೇ ಒಂದು ಕೆಳಸ್ವರಕ್ಕೆ ಮೂರನೇ ತಂತಿಯನ್ನು ಸುಮ್ಮನೆ ಮೀಟಿದರಾಯಿತು. ಸಿಂಫನಿಯಲ್ಲೂ ಈ ಧಾಟಿಯನ್ನು ಮೊದಲು ನುಡಿಸುವುದು ಚೆಲ್ಲೊ ಮತ್ತು ಡಬಲ್ ಬೇಸ್ ವಾದ್ಯಗಳು, ಅದೂ ಮೆಲ್ಲಗೆ, ಬೇರೆ ಪಕ್ಕವಾದ್ಯವಿಲ್ಲದೆ. ಹಾಗಾಗಿ ಒಂಟಿ ಸ್ವರಗಳಲ್ಲಿ ನುಡಿಸುವ ಹೊಸಬರಿಗೆ ಸಿಕ್ಕಿರುವುದು ಹಾಡಿನ ತುಂಡಲ್ಲ, ಅದು ಹುಟ್ಟಿದ ರೂಪವೇ.

ನನ್ನ ತಕರಾರು ಇರುವುದೂ ಇಲ್ಲೇ. ಮೂಲದಲ್ಲಿ ಈ ಧಾಟಿಯ ಕೊನೆಯ ಸಾಲು ತನ್ನ ಸರದಿಗೆ ಕಾಯದೆ ಒಂದು ಎಣಿಕೆ ಮುಂಚೆಯೇ ನುಗ್ಗಿಬರುತ್ತದೆ. ಸಮನೆಲದಲ್ಲಿ ನಡೆಯುತ್ತಿದ್ದ ಹಾಡಿಗೆ ಸಂತೋಷ ತಡೆಯಲಾಗದೇ ಹೋದಂತಿರುವ ಕ್ಷಣ ಅದು. ಕಲಿಕೆಯ ಎಷ್ಟೋ ಪುಸ್ತಕಗಳು ಆ ಅವಸರವನ್ನು ತಿದ್ದಿ, ಸಾಲನ್ನು ಸಮಕ್ಕೆ ಸರಿಯಾಗಿ ಕೂರಿಸುತ್ತವೆ. ಇದರಿಂದ ಬೆರಳಿಗೆ ಉಳಿತಾಯವೇನೂ ಇಲ್ಲ. ಆ ಸ್ವರ ಮೊದಲ ತಂತಿಯನ್ನು ಬೆರಳೊತ್ತದೆ ಮೀಟಿದರೆ ಸಿಗುವಂಥದ್ದು. ಒಂದು ಎಣಿಕೆ ಮೊದಲು ಮೀಟಬೇಕು, ಅಷ್ಟೆ. ಕೈಯ ಕಷ್ಟ ಕಡಿಮೆ ಮಾಡುವ ಹೆಸರಿನಲ್ಲಿ ಕಿವಿಯ ಅಚ್ಚರಿಯನ್ನು ಕಿತ್ತುಕೊಂಡಂತಾಯಿತು.

ಪುರಂದರದಾಸರದೆಂದು ಪರಂಪರೆ ನಂಬಿರುವ ನಮ್ಮ ಪಾಠಕ್ರಮ ಈ ವಿಷಯದಲ್ಲಿ ಹೆಚ್ಚು ಜಾಣತನದ್ದು. ಸರಳೆ, ಜಂಟಿ, ಅಲಂಕಾರಗಳಲ್ಲಿ ಕೈಯನ್ನೋ ಕಂಠವನ್ನೋ ಪಳಗಿಸಿದ ಮೇಲೆ ಬರುವ ಮಲಹರಿಯ ಗೀತೆಗಳು ಚಿಕ್ಕವು, ಆದರೆ ಪೂರ್ಣ. ರಾಗ, ತಾಳ, ಸಾಹಿತ್ಯ ಮೂರೂ ಅಲ್ಲಿವೆ. ದೊಡ್ಡದೊಂದನ್ನು ಕತ್ತರಿಸಿ ಮಾಡಿದ ಸುಲಭವಲ್ಲ ಅದು. ಮೊದಲಿನಿಂದಲೇ ಕಲಿಯುವವರಿಗಾಗಿ ಕಟ್ಟಿದ್ದು. ಗಿಟಾರಿನ ಮೇಷ್ಟ್ರು ಆನಂದಗೀತೆಯನ್ನು ಆರಿಸಿಕೊಂಡರೆ ಆ ಒಂದು ಎಣಿಕೆಯ ಅವಸರವನ್ನು ಹಾಗೆಯೇ ಬಿಡಲಿ. ಹೊಸಬರು ಅಲ್ಲಿ ಎರಡು ಸಲ ಎಡವಬಹುದು. ಮೂರನೇ ಸಲ ಸರಿಬಂದಾಗ, ಹಾಡು ತಮ್ಮನ್ನು ನಂಬಿದೆ ಎಂಬುದು ಅವರಿಗೆ ಗೊತ್ತಾಗುತ್ತದೆ. ಎರಡನೇ ಪಾಠಕ್ಕೆ ಬರಲು ಅದಕ್ಕಿಂತ ಒಳ್ಳೆಯ ಕಾರಣ ಬೇಕೆ?