ಬ್ಯುರೆಟ್ಟಿನ ಕೊನೆಯ ಹನಿ

ಎರಡನೇ ಸೆಮಿಸ್ಟರಿನ ರಸಾಯನಶಾಸ್ತ್ರದಲ್ಲಿ ಟೈಟ್ರೇಷನ್ನಿನಷ್ಟು ಸೊಗಸಾದ ಪಾಠ ಇನ್ನೊಂದಿಲ್ಲ. 0.1 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡನ್ನು ಬ್ಯುರೆಟ್ಟಿನಿಂದ ಬಿಡುತ್ತ ಹೋದರೆ ಪಿಎಚ್ ಬಹಳ ಹೊತ್ತು ನಿಧಾನವಾಗಿಯೇ ಏರುತ್ತದೆ. ಅರ್ಧ ಆಮ್ಲ ಮುಗಿದಾಗ ಸುಮಾರು 4.76, ಅಂದರೆ ಆ ಆಮ್ಲದ ಪಿಕೆಎ. ಹೀಗೆ ನಿಧಾನವಾಗಿ ಏರುವುದೇ ಬಫರಿನ ಗುಣ. ಕೊನೆಗೆ ಒಂದು ಹನಿ ಬಿದ್ದದ್ದೇ ತಡ, ಫಿನಾಲ್ಫ್ತಲೀನ್ ಸೂಚಕ ಬೆರೆತ ದ್ರಾವಣ ತಿಳಿಗುಲಾಬಿಗೆ ತಿರುಗುತ್ತದೆ.

ಪಿಎಚ್ ಮೀಟರ್ ಇರುವಾಗ ಈ ಲೆಕ್ಕವೆಲ್ಲ ಬರೀ ಉರು ಎನ್ನುವವರಿದ್ದಾರೆ. ಪರೀಕ್ಷೆಗಾಗಿ ಓದಿದರೆ ಹೌದು. ಆದರೆ ಆಮ್ಲವೆಲ್ಲ ಮುಗಿದ ಬಿಂದುವಿನಲ್ಲಿ ಪಿಎಚ್ 7 ಆಗದೆ ಸುಮಾರು 8.7 ಏಕೆ ಎಂದು ಮೀಟರ್ ಹೇಳಲಾರದು. ಉಳಿದ ಅಸಿಟೇಟ್ ಅಯಾನು ನೀರಿನಿಂದ ಪ್ರೋಟಾನ್ ಸೆಳೆದುಕೊಳ್ಳುತ್ತದೆ ಎಂದು ತಿಳಿದವರಿಗೆ ಸೂಚಕದ ಆಯ್ಕೆಯೂ ಅರ್ಥವಾಗುತ್ತದೆ. ಸೂತ್ರ ಕಲಿಯುವ ಮೊದಲು ಪಿಎಚ್ ಏರುವ ಈ ವಕ್ರರೇಖೆಯನ್ನು ಒಮ್ಮೆ ಕೈಯಾರೆ ಬರೆದು ನೋಡಿ.