ಓದುಗರ ಎಣಿಕೆಯೂ ಕೃತಿಯ ಬೆಲೆಯೂ

ಬರೆದದ್ದನ್ನು ಅಚ್ಚು ಮಾಡಿಸಿ ಓದುಗರಿಗೆ ಮುಟ್ಟಿಸುವುದು ಹಿಂದೆ ಎಷ್ಟು ಕಷ್ಟವಾಗಿತ್ತೆಂಬುದಕ್ಕೆ ಗಳಗನಾಥರೇ (1869–1942) ಸಾಕ್ಷಿ. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಪ್ರತಿಲಿಪಿ’ಯಂತಹ ಜಾಲತಾಣಗಳಿಂದ ಆ ಹೊರೆ ಇಳಿದಿದೆ. ಕಾಗದದ ಖರ್ಚಿಲ್ಲದೆ ಕೊಳತ್ತೂರಿನ ತರುಣನೂ ತನ್ನ ಕಥೆಯನ್ನು ಕನ್ನಡಿಗರ ಮುಂದಿಡಬಹುದು. ಇದು ಸಣ್ಣ ಉಪಕಾರವಲ್ಲ. ಆದರೆ ಪ್ರಕಟವಾಗುವುದು ಬೇರೆ, ಕಣ್ಣಿಗೆ ಬೀಳುವುದು ಬೇರೆ.

ಇಂತಹ ತಾಣಗಳ ಮೊದಲ ಪುಟದಲ್ಲಿ ಕೆಲವೇ ಬರೆಹಗಳಿಗೆ ಜಾಗವುಂಟು. ಯಾವುದನ್ನು ಮೇಲಿಡಬೇಕೆಂಬುದನ್ನು ಓದಿದವರ ಸಂಖ್ಯೆ ಮೊದಲಾದುವನ್ನು ನೋಡಿ ಬಹುಮಟ್ಟಿಗೆ ಗಣಕಯಂತ್ರವೇ ನಿರ್ಣಯಿಸುತ್ತದೆ. ಯಂತ್ರಕ್ಕೆ ಬಂಧುಬಳಗವಿಲ್ಲ, ಆದ್ದರಿಂದ ಅದು ನಿಷ್ಪಕ್ಷಪಾತಿ ಎಂದು ವಾದಿಸುವವರುಂಟು. ಈ ವಾದ ಪರೀಕ್ಷೆಗೆ ನಿಲ್ಲದು. 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಅಮೆರಿಕದ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಪರಿಚಿತ ತಂಡಗಳ 48 ಹಾಡುಗಳನ್ನು ಸಾವಿರಾರು ಕೇಳುಗರ ಮುಂದಿಟ್ಟು, ಅವರನ್ನು ಬೇರೆ ಬೇರೆ ಗುಂಪು ಮಾಡಿ, ಯಾವ ಹಾಡನ್ನು ತಮ್ಮ ಗುಂಪಿನಲ್ಲಿ ಎಷ್ಟು ಜನ ಆಯ್ದರೆಂಬ ಎಣಿಕೆಯನ್ನು ತೋರಿಸಿದರು. ಒಂದು ಗುಂಪಿನಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲಿ ಕೆಳಗುಳಿಯಿತು. ಎಣಿಕೆ ಕಾಣದೆ ಕೇಳಿದವರು ಉತ್ತಮವೆಂದವು ಮುಳುಗಿದ್ದು ವಿರಳ, ಅಧಮವೆಂದವು ಮೇಲೆದ್ದದ್ದೂ ವಿರಳ. ನಡುವಿನವುಗಳ ಗತಿ ಮಾತ್ರ ಹೇಗೂ ಆಗಬಹುದಾಗಿತ್ತು. ನಮ್ಮ ಹೊಸ ಬರೆಹಗಾರರಲ್ಲಿ ಬಹುಮಂದಿ ಈ ನಡುವಿನವರೇ ಅಲ್ಲವೆ?

ಗಡಿನಾಡಿಗೆ ಇದರಿಂದಾಗುವ ಹಾನಿ ಹೆಚ್ಚು. ತಮಿಳುನಾಡಿನ 2006ರ ಕಾಯಿದೆ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿತು. ಮನೆಯಲ್ಲಿ ಕನ್ನಡವಾಡಿದರೂ ಕನ್ನಡ ಓದಲು ಬಾರದವರು ನಮ್ಮಲ್ಲಿ ಅನೇಕರು. ಆದ್ದರಿಂದ ಬೆಂಗಳೂರಿನವನಿಗಿರುವ ಓದುಗರ ಬಲ ಕೊಳತ್ತೂರಿನವನಿಗಿಲ್ಲ. ಎಣಿಕೆಯಲ್ಲಿ ಹಿಂದೆ ಬಿದ್ದ ತರುಣನು ಮೆಟ್ಟೂರು ಸೀಮೆಯ ತನ್ನ ಮನೆಮಾತನ್ನು ಬಿಟ್ಟು, ಸಂಖ್ಯೆ ತರುವ ಮಾದರಿಗೇ ಕೈಹಚ್ಚಿದರೆ ನಷ್ಟ ಅವನೊಬ್ಬನದಲ್ಲ. ಕನ್ನಡದ ಒಂದು ನುಡಿಬಗೆಯೇ ಬರೆಹಕ್ಕೆ ಬಾರದೆ ಹೋಗುತ್ತದೆ.

ಸಂಪಾದಕರ ಕಾಲದಲ್ಲಿ ಪಕ್ಷಪಾತವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಸಂಪಾದಕನಿಗೆ ಹೆಸರಿತ್ತು. ಅವನನ್ನು ಕಾರಣ ಕೇಳಬಹುದಾಗಿತ್ತು. ಶಿಫಾರಸಿನ ಮುಖ್ಯ ಆಧಾರಗಳನ್ನು ಜಾಲತಾಣಗಳು ತಿಳಿಸಬೇಕೆಂದು ಐರೋಪ್ಯ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾಯಿದೆ ವಿಧಿಸಿದೆ. ಕನ್ನಡ ಬರೆಹಗಳ ತಾಣಗಳೂ ತಮ್ಮ ಆಧಾರಗಳನ್ನು ಎಲ್ಲರಿಗೂ ತಿಳಿಯುವಂತೆ ಹೇಳಲಿ. ಮೊದಲ ಪುಟದ ಒಂದು ಪಾಲನ್ನು ಹೊಸಬರಿಗೆ ಸರದಿಯಂತೆ ಮೀಸಲಿಡಲಿ. ಹಣ ಪಡೆದು ಮೇಲಿಟ್ಟದ್ದಿದ್ದರೆ ಹಾಗೆಂದೇ ಸೂಚಿಸಲಿ.

ಉಪಾಧ್ಯಾಯರಾದ ನಮಗೂ ಇಲ್ಲಿ ಕರ್ತವ್ಯವುಂಟು. ತಿಂಗಳಿಗೊಮ್ಮೆಯಾದರೂ ಅಪರಿಚಿತರ ಒಂದು ಬರೆಹವನ್ನು ಓದಿ, ಅದರ ಗುಣದೋಷಗಳನ್ನು ನಾಲ್ಕು ವಾಕ್ಯಗಳಲ್ಲಿ ಅದರ ಕೆಳಗೇ ಬರೆಯೋಣ. ಹಾಳೆ ಎಣಿಸಿ ಉತ್ತರಪತ್ರಿಕೆಗೆ ಅಂಕ ಕೊಡುವವರು ನಾವಲ್ಲ. ಕೃತಿಗಳ ವಿಷಯದಲ್ಲಿಯೂ ಅದೇ ನಿಯಮ ಸಲ್ಲತಕ್ಕದ್ದು.