ಚಿನ್ನದ ಹೆಸರಿನ ರಸ್ತೆ

ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯ ನಿವೇಶನಗಳಿಗೆ ಈಗ ಚಿನ್ನದ ಬೆಲೆ. ಆ ರಸ್ತೆಯ ಹೆಸರಿಗೂ ಚಿನ್ನದ ನಂಟಿದೆ. ಮೈಕೆಲ್ ಲ್ಯಾವೆಲ್ಲೆ ಎಂಬ ಐರಿಷ್ ಸೈನಿಕ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಇಲ್ಲಿನ ದಂಡುಪ್ರದೇಶಕ್ಕೆ ಬಂದು ನೆಲೆಸಿದ. ಕೋಲಾರದ ಚಿನ್ನದ ಬಗ್ಗೆ ಲೆಫ್ಟಿನೆಂಟ್ ಜಾನ್ ವಾರನ್ 19ನೇ ಶತಮಾನದ ಆರಂಭದಲ್ಲಿ ಬರೆದಿಟ್ಟ ವರದಿ ಅವನ ಕಣ್ಣಿಗೆ ಬಿತ್ತು. ಎತ್ತಿನ ಗಾಡಿ ಹತ್ತಿ ಹೊರಟೇಬಿಟ್ಟ. 1873ರಲ್ಲಿ ಮೈಸೂರು ಸರ್ಕಾರದ ಪರವಾನಗಿಗೆ ಅರ್ಜಿ ಹಾಕಿದ, ಊರಿಗಾಂ ಬಳಿ ಅಗೆಸಿದ. ಕೈಯಲ್ಲಿ ಹಣ ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ನಿಜವಾದ ಹೊನ್ನು ಸಿಕ್ಕಿದ್ದು ಆಮೇಲೆ, ಜಾನ್ ಟೇಲರ್ ಕಂಪನಿಗೆ. ಆದರೂ ಇಲ್ಲಿನ ತನ್ನ ಬಂಗಲೆಗೆ ಅವನು ಇಟ್ಟ ಹೆಸರು ‘ಊರಿಗಾಂ ಹೌಸ್’. ಆ ಹಟ ನನಗೆ ಬಹಳ ಇಷ್ಟ.

ಈ ಭಾಗದ ಹಳೆಯ ಬಂಗಲೆಗಳ ಚೆಲುವೆಲ್ಲ ‘ಮಂಕಿ ಟಾಪ್’ನಲ್ಲಿದೆ. ಕಿಟಕಿ, ಮುಖಮಂಟಪಗಳ ಮೇಲೆ ಮುಂದಕ್ಕೆ ಚಾಚಿದ ಮರದ ಚೂಪು ಚಾವಣಿ. ಅದರ ಅಂಚಿಗೆ ಸಾಲಾಗಿ ಜೋಡಿಸಿದ ತೆಳು ಪಟ್ಟಿಗಳು, ತುದಿಯಲ್ಲಿ ಕೊರೆದ ಕುಸುರಿ. ಬಿಸಿಲು ಒಳಗೆ ನುಗ್ಗುವುದಿಲ್ಲ, ಗಾಳಿ ನಿಲ್ಲುವುದಿಲ್ಲ. ಮುಂದೆ ಅಗಲವಾದ ತೋಟ, ಮೇಲೆ ಮಳೆಮರಗಳ ಚಪ್ಪರ.

ಈಗ ಬಹುಪಾಲು ಅಪಾರ್ಟ್‌ಮೆಂಟು, ರೆಸ್ಟೋರೆಂಟು, ಷೋರೂಮುಗಳದ್ದೇ ರಾಜ್ಯ. ಶ್ರೀಮಂತಿಕೆ ಉಳಿದಿದೆ, ಬಿಡುವು ಹೋಗಿದೆ. ಅಳಿದುಳಿದ ಮಂಕಿ ಟಾಪ್ ಮನೆಗಳನ್ನಾದರೂ ಪಾಲಿಕೆ ಪಾರಂಪರಿಕ ಕಟ್ಟಡಗಳೆಂದು ಕಾಯಬೇಕು. ಮಾಲೀಕರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಾದರೂ ಸರಿ.